ಕೂಡುವ ಲೆಕ್ಕಕ್ಕೆ ಮೊಬೈಲ್ ಕಾರ್ಡ್ ಆಟ: ಯಾವ ಮಗುವಿಗೆ ಯಾವುದು?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜುಲೈಯಲ್ಲಿ ಮಳೆ ರಜೆ ಸಿಕ್ಕ ದಿನ ಮಕ್ಕಳ ಕೈಗೆ ಮೊಬೈಲ್ ಹೋಗದಂತೆ ತಡೆಯುವುದು ಕಷ್ಟ. ಹೇಗೂ ಹಿಡಿದುಕೊಂಡಿದೆ, ಲೆಕ್ಕವನ್ನಾದರೂ ಕಲಿಯಲಿ ಎಂದು ಮನೆಯವರು ಪ್ಲೇ ಸ್ಟೋರ್‌ನಲ್ಲಿ ಹುಡುಕಿದರೆ ಕೂಡುವ ಲೆಕ್ಕದ ಕಾರ್ಡ್ ಆಟಗಳು ಸಾಲುಗಟ್ಟಿ ಬರುತ್ತವೆ. ಹೊರಗಿನ ಚಿತ್ರ ನೋಡಿದರೆ ಎಲ್ಲವೂ ಒಂದೇ ಥರ: ಬಣ್ಣದ ಎಲೆಗಳು (ಕಾರ್ಡುಗಳು), ನಗುವ ಆನೆಮರಿ, ಚಿನ್ನದ ನಕ್ಷತ್ರ. ಒಳಗೆ ಹೊಕ್ಕು ಆಡಿದರೆ ಮಾತ್ರ ವ್ಯತ್ಯಾಸ ತಿಳಿಯುತ್ತದೆ. ಒಂದು ಆಟ ಹತ್ತು ನಿಮಿಷದಲ್ಲಿ ಮಾಡಿಸುವ ಲೆಕ್ಕವನ್ನು ಇನ್ನೊಂದು ಆಟ ಒಂದು ಗಂಟೆ ಆಡಿದರೂ ಮಾಡಿಸುವುದಿಲ್ಲ.

ಆರಿಸುವಾಗ ನೋಡಬೇಕಾದ ಮುಖ್ಯ ಸಂಗತಿ ಒಂದು. ಮಗು ತಪ್ಪು ಉತ್ತರ ಕೊಟ್ಟಾಗ ಆಟ ಏನು ಮಾಡುತ್ತದೆ? ಸರಿ ಉತ್ತರಕ್ಕೆ ಎಲ್ಲ ಆಟಗಳೂ ಚಪ್ಪಾಳೆ ತಟ್ಟುತ್ತವೆ, ಅದರಲ್ಲಿ ಭೇದವಿಲ್ಲ. ತಪ್ಪಿಗೆ ಕೆಲವು ಬಜರ್ ಬಾರಿಸಿ ಮುಂದಿನ ಪ್ರಶ್ನೆಗೆ ಓಡುತ್ತವೆ, ಕೆಲವು ತಾವೇ ಉತ್ತರ ತೋರಿಸಿಬಿಡುತ್ತವೆ. ಕೆಲವೇ ಕೆಲವು, ಎಲೆಯ ಮೇಲಿನ ಚುಕ್ಕಿಗಳನ್ನು ಒಂದೊಂದಾಗಿ ಬೆಳಗಿಸಿ ಮಗುವೇ ಮತ್ತೆ ಎಣಿಸುವಂತೆ ಮಾಡುತ್ತವೆ, ಅದೇ ಲೆಕ್ಕವನ್ನು ನಾಲ್ಕೈದು ಪ್ರಶ್ನೆ ಕಳೆದ ಮೇಲೆ ಮತ್ತೆ ಕೇಳುತ್ತವೆ. ಈ ಮೂರನೆಯ ಬಗೆ ಸಿಕ್ಕರೆ ಚಿತ್ರ ಚೆನ್ನಾಗಿಲ್ಲದಿದ್ದರೂ ಅದನ್ನೇ ಇಟ್ಟುಕೊಳ್ಳಿ.

ಮೊದಲು ಮಗುವಿನ ಬೆರಳು ನೋಡಿ

ಆಟ ಇಳಿಸಿಕೊಳ್ಳುವ ಮುಂಚೆ ಎರಡು ನಿಮಿಷದ ಕೆಲಸವಿದೆ. ಎಂಟರ ಎಲೆಯನ್ನೂ ಐದರ ಎಲೆಯನ್ನೂ ಮಗುವಿನ ಮುಂದೆ ಇಡಿ. ಇಸ್ಪೀಟು ಎಲೆಯಾದರೂ ಸರಿ, ಚುಕ್ಕಿ ಹಾಕಿದ ರಟ್ಟಿನ ತುಂಡಾದರೂ ಸರಿ. ‘ಎಂಟೂ ಐದೂ ಎಷ್ಟಾಯ್ತು ಪುಟ್ಟ?’ ಎಂದು ಕೇಳಿ, ಮಗುವಿನ ಬೆರಳು ಮತ್ತು ತುಟಿ ನೋಡುತ್ತಿರಿ. ಉತ್ತರ ಆಮೇಲೆ.

ಒಂದು ಮಗು ಎಂಟರ ಎಲೆಯ ಮೊದಲ ಚುಕ್ಕಿಯ ಮೇಲೆ ಬೆರಳಿಟ್ಟು ‘ಒಂದು, ಎರಡು, ಮೂರು’ ಎಂದು ಶುರುಮಾಡಿ ಎರಡೂ ಎಲೆಗಳ ಕೊನೆಯ ಚುಕ್ಕಿಯವರೆಗೆ ಹೋಗಿ ‘ಹದಿಮೂರು’ ಎನ್ನುತ್ತದೆ. ಇದು ಮೊದಲಿಂದ ಎಣಿಸುವ ಮಗು. ಇನ್ನೊಂದು ಮಗು ಎಂಟರ ಎಲೆಯನ್ನು ಮುಟ್ಟುವುದಿಲ್ಲ. ‘ಎಂಟು’ ಎಂದು ಬಾಯಲ್ಲಿ ಹೇಳಿ, ಒಂದೊಂದೇ ಬೆರಳು ಮಡಚುತ್ತಾ ‘ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು, ಹದಿಮೂರು’ ಎನ್ನುತ್ತದೆ. ಇದು ಮುಂದಕ್ಕೆ ಎಣಿಸುವ ಮಗು. ಮೂರನೆಯ ಮಗು ಬೆರಳನ್ನೇ ಎತ್ತದೆ ‘ಎಂಟಕ್ಕೆ ಎರಡು ಹಾಕಿದ್ರೆ ಹತ್ತು, ಇನ್ನು ಮೂರು ಉಳೀತು, ಹದಿಮೂರು’ ಎನ್ನುತ್ತದೆ. ಇದು ಹತ್ತು ಕಟ್ಟುವ ಮಗು. ಮೂವರದೂ ಸರಿ ಉತ್ತರವೇ. ಆದರೆ ಮೂವರಿಗೂ ಬೇಕಾದ ಆಟ ಬೇರೆ ಬೇರೆ.

ಮೊದಲನೆಯ ಮೆಟ್ಟಿಲಿನಿಂದ ಎರಡನೆಯದಕ್ಕೆ ಹತ್ತುವಾಗ ಒಂದು ತಪ್ಪು ಬಹಳ ಮಕ್ಕಳಲ್ಲಿ ಕಾಣುತ್ತದೆ. ಐದು ಬೆರಳು ಸರಿಯಾಗಿ ಹಿಡಿದಿರುತ್ತದೆ, ಆದರೆ ಮೊದಲ ಬೆರಳು ಮಡಚುವಾಗಲೇ ‘ಎಂಟು’ ಎಂದುಬಿಡುತ್ತದೆ. ಎಂಟು, ಒಂಬತ್ತು, ಹತ್ತು, ಹನ್ನೊಂದು, ಹನ್ನೆರಡು. ಬೆರಳು ಮುಗಿಯಿತು, ಉತ್ತರ ಹನ್ನೆರಡು. ಮಗುವಿನ ಉತ್ತರ ಯಾವಾಗಲೂ ಒಂದೇ ಒಂದು ಕಡಿಮೆ ಬರುತ್ತಿದ್ದರೆ ಕಾರಣ ಇದೇ. ಇದು ಅಜಾಗರೂಕತೆ ಅಲ್ಲ, ಗದರಿಸಿದರೆ ಹೋಗುವುದೂ ಇಲ್ಲ. ‘ತಪ್ಪು’ ಎಂದಷ್ಟೇ ಹೇಳುವ ಮೊಬೈಲ್ ಆಟ ಇದನ್ನು ತಿದ್ದಲಾರದು. ಎಷ್ಟು ಸಲ ಆಡಿದರೂ ಮಗು ಅದೇ ರೀತಿ ಎಣಿಸಿ ಅದೇ ರೀತಿ ತಪ್ಪುತ್ತದೆ. ಇದಕ್ಕೆ ನಮ್ಮ ಮನೆಗಳಲ್ಲೇ ಇರುವ ಮದ್ದು ಚೌಕಾಬಾರ. ಕಾಯಿ ನಿಂತ ಮನೆಯನ್ನು ಬಿಟ್ಟು ಮುಂದಿನ ಮನೆಯಿಂದ ಎಣಿಸಬೇಕು ಎಂಬ ನಿಯಮ ಅಲ್ಲಿ ಕೈಗೇ ಅಭ್ಯಾಸವಾಗುತ್ತದೆ. ನಾಲ್ಕು ಕವಡೆ ಸಾಕು. ಕವಡೆ ಇಲ್ಲದಿದ್ದರೆ ನಾಲ್ಕು ಹುಣಸೆಬೀಜವನ್ನು ಒಂದು ಬದಿ ಕಲ್ಲಿಗೆ ತೇಯ್ದು ಬೆಳ್ಳಗೆ ಮಾಡಿಕೊಂಡರಾಯಿತು. ವಾರ ಹತ್ತು ದಿನ ಚೌಕಾಬಾರ ಆಡಿಸಿ ಆಮೇಲೆ ಮೊಬೈಲ್ ಆಟಕ್ಕೆ ಬನ್ನಿ.

ನಾಲ್ಕು ಬಗೆಯ ಆಟಗಳು

ಮೊಬೈಲ್‌ನಲ್ಲಿ ಸಿಗುವ ಕೂಡುವ ಲೆಕ್ಕದ ಕಾರ್ಡ್ ಆಟಗಳ ಹೆಸರು ನೂರಿರಬಹುದು, ಆಡುವ ರೀತಿ ಹೆಚ್ಚುಕಡಿಮೆ ನಾಲ್ಕೇ.

ಹತ್ತರ ಜೋಡಿ ಆಟವನ್ನು ಮೊದಲು ಹೇಳುತ್ತೇವೆ, ಏಕೆಂದರೆ ಆರು ಏಳು ವರ್ಷದ ಮಕ್ಕಳಿಗೆ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದು. ಪರದೆಯ ಮೇಲೆ ಎಂಟು ಹತ್ತು ಎಲೆ ಹರಡಿರುತ್ತವೆ. ಕೂಡಿದರೆ ಹತ್ತಾಗುವ ಎರಡು ಎಲೆ ಮುಟ್ಟಿದರೆ ಅವು ಮಾಯವಾಗುತ್ತವೆ. 1-9, 2-8, 3-7, 4-6, 5-5, ಐದೇ ಜೋಡಿ. ಈ ಐದು ಬಾಯಿಗೆ ಬಂದ ಮಗುವಿಗೆ ಹತ್ತು ದಾಟುವ ಲೆಕ್ಕಗಳೆಲ್ಲ ಸಲೀಸಾಗುತ್ತವೆ. ಒಂದರಿಂದ ಒಂಬತ್ತರವರೆಗಿನ ಅಂಕಿಗಳಲ್ಲಿ ಎರಡೆರಡನ್ನು ಕೂಡುವ ಲೆಕ್ಕಗಳು 81. 3+8 ಮತ್ತು 8+3 ಒಂದೇ ಎಂದು ತಿಳಿದರೆ 45ಕ್ಕೆ ಇಳಿಯುತ್ತವೆ. ಅದರಲ್ಲಿ 25 ಲೆಕ್ಕಗಳ ಮೊತ್ತ ಹತ್ತು ಅಥವಾ ಅದರೊಳಗೆ. ಉಳಿದ 20 ಹತ್ತನ್ನು ದಾಟುತ್ತವೆ. ಮಕ್ಕಳು ನಿಂತುಬಿಡುವುದು ಈ ಇಪ್ಪತ್ತರಲ್ಲಿ, ಅದನ್ನು ದಾಟಿಸುವ ಸಂಕ (ಕಾಲುಸೇತುವೆ) ಹತ್ತರ ಜೋಡಿಗಳೇ.

ಈ ಬಗೆಯಲ್ಲಿ ಒಂದು ಕಾಣದ ದೋಷ ಇದೆ. ಹಲವು ಆಟಗಳಲ್ಲಿ ಪ್ರತಿ ಅಂಕಿಗೂ ಒಂದು ಖಾಯಂ ಬಣ್ಣ ಇರುತ್ತದೆ. ಮೂರು ಯಾವಾಗಲೂ ಹಸಿರು, ಏಳು ಯಾವಾಗಲೂ ಕಿತ್ತಳೆ. ನಾಲ್ಕು ದಿನ ಆಡಿದ ಮಗು ‘ಹಸಿರಿಗೆ ಕಿತ್ತಳೆ’ ಎಂದು ಬಣ್ಣ ಜೋಡಿಸಲು ಶುರುಮಾಡುತ್ತದೆ. ಚುರುಕಾಗಿ ಗೆಲ್ಲುತ್ತದೆ, ಮನೆಯವರಿಗೆ ಸಂತೋಷ. ಕಾಗದದ ಮೇಲೆ 3+7 ಬರೆದುಕೊಟ್ಟರೆ ಮತ್ತೆ ಒಂದರಿಂದ ಎಣಿಸುತ್ತದೆ. ಆದ್ದರಿಂದ ಎಲ್ಲ ಎಲೆಯೂ ಒಂದೇ ಬಣ್ಣದಲ್ಲಿರುವ, ಅಥವಾ ಪ್ರತಿ ಆಟಕ್ಕೂ ಬಣ್ಣ ಬದಲಾಗುವ ಆಟ ಹುಡುಕಿ. ಇಂಥದ್ದು ಸಿಗದಿದ್ದರೆ ಮೊಬೈಲಿನ ಸೆಟ್ಟಿಂಗ್‌ನಲ್ಲಿ ಪರದೆಯನ್ನು ಕಪ್ಪುಬಿಳುಪು ಮಾಡುವ ಸೌಕರ್ಯ ಬಹಳಷ್ಟು ಫೋನುಗಳಲ್ಲಿ ಇದೆ, ಅದನ್ನು ಹಾಕಿ ಆಡಿಸಿ.

ಎರಡನೆಯದು ದೊಡ್ಡ ಮೊತ್ತದ ಆಟ. ಮಗುವಿಗೆ ಎರಡು ಎಲೆ, ಎದುರಾಳಿಗೆ ಎರಡು ಎಲೆ, ಯಾರ ಮೊತ್ತ ದೊಡ್ಡದೋ ಅವರಿಗೆ ನಾಲ್ಕೂ ಎಲೆ. ಮೊದಲಿಂದ ಎಣಿಸುವ ಮಗುವಿಗೆ ಇದು ಒಳ್ಳೆಯ ಆರಂಭ. ನಿಯಮ ಅರ್ಧ ನಿಮಿಷದಲ್ಲಿ ತಿಳಿಯುತ್ತದೆ, ಗೆಲುವು ಎಲೆಯ ಅದೃಷ್ಟಕ್ಕೆ ಬಿಟ್ಟದ್ದಾದ್ದರಿಂದ ಚಿಕ್ಕವರೂ ದೊಡ್ಡವರನ್ನು ಸೋಲಿಸುತ್ತಾರೆ. ಆದರೆ ಮೊಬೈಲಿನಲ್ಲಿ ಇದು ಸುಲಭವಾಗಿ ಕೆಡುತ್ತದೆ: ಎಲೆ ತಿರುವಿದ ಕ್ಷಣ ಆಟವೇ ಎರಡೂ ಕಡೆಯ ಮೊತ್ತ ಬರೆದು ಗೆದ್ದವರ ಹೆಸರು ಹೇಳಿಬಿಡುತ್ತದೆ. ಮಗು ಪರದೆ ಮುಟ್ಟುವುದು ಬಿಟ್ಟರೆ ಏನನ್ನೂ ಕೂಡಿರುವುದಿಲ್ಲ. ತನ್ನ ಮೊತ್ತವನ್ನು ಮಗು ಒತ್ತುವವರೆಗೆ ಎದುರಾಳಿಯ ಎಲೆ ತೆರೆಯದ ಆಟವಾದರೆ ಮಾತ್ರ ತೆಗೆದುಕೊಳ್ಳಿ. ಎಲೆಗಳನ್ನು 1ರಿಂದ 5ಕ್ಕೆ ಸೀಮಿತ ಮಾಡಲು ಆಗುತ್ತದೆಯೇ ನೋಡಿ. ಆಗ ಯಾವ ಮೊತ್ತವೂ ಹತ್ತು ದಾಟುವುದಿಲ್ಲ, ಎರಡು ಕೈಯ ಬೆರಳು ಸಾಕಾಗುತ್ತವೆ.

ಮೂರನೆಯದು ಗುರಿ ಮೊತ್ತ. ಕೈಯಲ್ಲಿ ನಾಲ್ಕೈದು ಎಲೆ, ಮೇಲೆ ಒಂದು ಸಂಖ್ಯೆ, ಉದಾಹರಣೆಗೆ 14. ಎರಡೋ ಮೂರೋ ಎಲೆ ಆಯ್ದು 14 ಮಾಡಬೇಕು. ಹತ್ತು ಕಟ್ಟಲು ಬರುವ ಮಗುವಿಗೆ ಇದಕ್ಕಿಂತ ಒಳ್ಳೆಯ ಆಟ ಇಲ್ಲ, ಏಕೆಂದರೆ ಒಂದು ಸಂಖ್ಯೆಯನ್ನು ಹತ್ತಾರು ರೀತಿ ಒಡೆಯುವುದನ್ನು ಕಲಿಸುತ್ತದೆ. ಹತ್ತು ಕಟ್ಟಲು ಬಾರದ ಮಗುವಿಗೆ ಇದನ್ನು ಕೊಟ್ಟರೆ ಸಿಕ್ಕಸಿಕ್ಕ ಎಲೆ ಒತ್ತುತ್ತಾ ಕೂರುತ್ತದೆ. ಇದೇ ಜಾತಿಗೆ ಸೇರಿದ್ದು ದೊಡ್ಡವರು ಒಬ್ಬರೇ ಆಡುವ ಪಿರಮಿಡ್ ಆಟ: ಏಳು ಸಾಲಿನಲ್ಲಿ 28 ಎಲೆ, ಕೂಡಿದರೆ ಹದಿಮೂರಾಗುವ ಜೋಡಿ ತೆಗೆಯಬೇಕು. ಎಕ್ಕ ಒಂದು, ಗುಲಾಮ ಹನ್ನೊಂದು, ರಾಣಿ ಹನ್ನೆರಡು, ರಾಜ ಹದಿಮೂರಾದ್ದರಿಂದ ಒಬ್ಬನೇ ಹೊರಡುತ್ತಾನೆ. ಮೂರನೆಯ ಕ್ಲಾಸಿನ ಮಕ್ಕಳಿಗೆ ರುಚಿಸುತ್ತದೆ. ಆದರೆ ಬಹಳ ಸಲ ಎಲೆ ಬಿದ್ದ ರೀತಿಯಿಂದಲೇ ಅದನ್ನು ಪೂರ್ತಿ ಬಿಡಿಸಲು ಆಗುವುದಿಲ್ಲ. ಇದನ್ನು ಮಗುವಿಗೆ ಮೊದಲೇ ಹೇಳಿಡಬೇಕು, ಇಲ್ಲದಿದ್ದರೆ ತನಗೇ ಬರುವುದಿಲ್ಲ ಎಂದುಕೊಳ್ಳುತ್ತದೆ.

ನಾಲ್ಕನೆಯದು ಗಡಿಯಾರ ಓಡುವ ಪಟಪಟ ಪ್ರಶ್ನೆ. ಎಲೆಯ ಮೇಲೆ 7+8, ಕೆಳಗೆ ಮೂರು ಉತ್ತರ, ಮೇಲೆ ಕರಗುವ ಕೆಂಪು ಗೆರೆ. ಚಿಕ್ಕ ಮಕ್ಕಳಿಗೆ ಇದನ್ನು ಕೊಡಬೇಡಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಮೂರರಲ್ಲಿ ಒಂದು ಒತ್ತಿದರೆ ಕಣ್ಣು ಮುಚ್ಚಿದರೂ ಮೂರಕ್ಕೆ ಒಂದು ಸರಿಯಾಗುತ್ತದೆ. ಉತ್ತರಗಳು 15, 3, 40 ಎಂದು ಇದ್ದರೆ ಕೂಡುವ ಅಗತ್ಯವೇ ಇಲ್ಲ. ಗೆರೆ ಕರಗುತ್ತಿದ್ದಂತೆ ಮಗು ಬೆರಳು ಎಣಿಸುವುದನ್ನು ಬಿಟ್ಟು ಊಹೆಗೆ ಇಳಿಯುತ್ತದೆ, ಊಹೆ ಅಭ್ಯಾಸವಾಗುತ್ತದೆ. 45 ಲೆಕ್ಕಗಳೂ ಗೊತ್ತಿರುವ ಮಗುವಿಗೆ ವೇಗಕ್ಕಾಗಿ ಕೊಡುವುದಾದರೆ ಅಡ್ಡಿಯಿಲ್ಲ. ಆಗಲೂ ಉತ್ತರವನ್ನು ಅಂಕಿಯಲ್ಲಿ ಒತ್ತಿಸುವ ಆಟ ಆರಿಸಿ, ಆಯ್ಕೆ ಕೊಡುವುದನ್ನಲ್ಲ.

ಎಲೆಯ ಮೇಲಿನ ಚುಕ್ಕಿ

ಎಲೆಯ ವಿನ್ಯಾಸಕ್ಕೆ ಗಮನ ಕೊಡುವವರು ಕಡಿಮೆ, ತೊಂದರೆ ಮಾತ್ರ ಅಲ್ಲಿಂದಲೇ ಬರುತ್ತದೆ. ನಿಜವಾದ ಇಸ್ಪೀಟು ಎಲೆಯ ಚಿತ್ರವನ್ನೇ ಹಾಕಿದ ಆಟಗಳಲ್ಲಿ ಐದರ ಎಲೆ ತೆಗೆದು ನೋಡಿ. ಮಧ್ಯೆ ಐದು ದೊಡ್ಡ ಗುರುತು, ಎರಡು ಮೂಲೆಯಲ್ಲಿ ಅಂಕಿಯ ಕೆಳಗೆ ಒಂದೊಂದು ಸಣ್ಣ ಗುರುತು. ಮೊದಲಿಂದ ಎಣಿಸುವ ಮಗು ಮೂಲೆಯದನ್ನೂ ಸೇರಿಸಿ ಏಳು ಎನ್ನುತ್ತದೆ. ಪ್ರತಿ ಎಲೆಗೂ ಲೆಕ್ಕ ಎರಡೆರಡು ಹೆಚ್ಚಾಗಿ ಬರುತ್ತಿದ್ದರೆ ಇದನ್ನು ಮೊದಲು ಅನುಮಾನಿಸಿ. ಎಕ್ಕದ ಮೇಲೆ ಒಂದು ಎಂಬ ಅಂಕಿಯೇ ಇರುವುದಿಲ್ಲ, ಇಂಗ್ಲಿಷಿನ ‘ಎ’ ಇರುತ್ತದೆ. ಅದೂ ಐದು ವರ್ಷದ ಮಗುವಿಗೆ ತೊಡಕು.

ಇದಕ್ಕಿಂತ ಹತ್ತರ ಚೌಕಟ್ಟು ಇರುವ ಎಲೆ ಎಷ್ಟೋ ವಾಸಿ. ಮೇಲೆ ಐದು ಮನೆ, ಕೆಳಗೆ ಐದು ಮನೆ, ಏಳಕ್ಕೆ ಮೇಲಿನ ಸಾಲು ತುಂಬಿ ಕೆಳಗೆ ಎರಡು. ಮೂರು ಮನೆ ಖಾಲಿ ಎಂಬುದು ಎಣಿಸದೆಯೇ ಕಣ್ಣಿಗೆ ಬೀಳುತ್ತದೆ, ಹತ್ತಕ್ಕೆ ಎಷ್ಟು ಬೇಕು ಎಂಬ ಪ್ರಶ್ನೆಗೆ ಉತ್ತರ ಎಲೆಯಲ್ಲೇ ಇದೆ. ನಾಲ್ಕರವರೆಗಿನ ಗುಂಪನ್ನು ನಮ್ಮ ಕಣ್ಣು ಎಣಿಸದೆ ಗುರುತಿಸುತ್ತದೆ, ಅದಕ್ಕಿಂತ ಹೆಚ್ಚಾದರೆ ಜೋಡಣೆಯ ಸಹಾಯ ಬೇಕು. ಚೌಕಟ್ಟು ಕೊಡುವುದು ಆ ಸಹಾಯವನ್ನು. ಬರೀ ಅಂಕಿ ಇರುವ ಎಲೆಗಳು ಆಮೇಲಿನ ಹಂತಕ್ಕೆ. ಅಂಕಿ ಮತ್ತು ಚುಕ್ಕಿ ಎರಡೂ ಇದ್ದು, ಬೇಕಾದಾಗ ಚುಕ್ಕಿ ಮರೆಸಲು ಬರುವ ಆಟವಾದರೆ ವರ್ಷವಿಡೀ ಸಾಕು.

ಯಾವ ಭಾಷೆಯಲ್ಲಿ ಎಣಿಸಲಿ?

ಬಹಳ ಆಟಗಳಲ್ಲಿ ದನಿ ಇಂಗ್ಲಿಷಿನದು. ಅದರಿಂದಾಗುವ ತೊಂದರೆ ಭಾಷಾಭಿಮಾನದ ವಿಷಯವಲ್ಲ, ಲೆಕ್ಕದ್ದೇ. ಹನ್ನೊಂದು, ಹನ್ನೆರಡು, ಹದಿಮೂರು, ಹದಿನಾಲ್ಕು ಎಂದು ಹೇಳುತ್ತಾ ಹೋಗಿ. ಮೊದಲು ಹತ್ತು ಬರುತ್ತದೆ, ಆಮೇಲೆ ಬಿಡಿ ಅಂಕಿ. ಹದಿ ಎಂದರೆ ಹತ್ತೇ. ಹತ್ತೊಂಬತ್ತಿನಲ್ಲಂತೂ ಹತ್ತು ಮತ್ತು ಒಂಬತ್ತು ಕೂಡಿರುವುದು ಕಿವಿಗೇ ಕೇಳುತ್ತದೆ. 8+5 ಹತ್ತು ಕಟ್ಟಿ ಮೂರು ಉಳಿದಾಗ ‘ಹದಿಮೂರು’ ಎಂಬ ಮಾತೇ ಲೆಕ್ಕವನ್ನು ಹೇಳುತ್ತದೆ, 1 ಮೊದಲು 3 ಆಮೇಲೆ ಎಂದು ಬರೆಯುವ ಕ್ರಮವೂ ಅದೇ. ಇಂಗ್ಲಿಷಿನ ‘ಥರ್ಟೀನ್’ನಲ್ಲಿ ಮೂರು ಮೊದಲು ಬರುತ್ತದೆ, ಆದ್ದರಿಂದ ಕೇಳಿ ಬರೆಯುವ ಮಗು 31 ಬರೆಯುವುದುಂಟು. ‘ಥರ್ಟೀನ್’ ಮತ್ತು ‘ಥರ್ಟಿ’ ಮೊಬೈಲಿನ ಸಣ್ಣ ಸ್ಪೀಕರಿನಲ್ಲಿ, ಅದೂ ಹೆಂಚಿನ ಮೇಲೆ ಮಳೆ ಬಡಿಯುವಾಗ, ಒಂದೇ ಥರ ಕೇಳುತ್ತವೆ. ಕನ್ನಡದಲ್ಲಿ ಎಡವುವ ಜಾಗಗಳು ಬೇರೆ: ಒಂಬತ್ತು-ತೊಂಬತ್ತು, ಎಪ್ಪತ್ತು-ಎಂಬತ್ತು. ಇಪ್ಪತ್ತರೊಳಗಿನ ಲೆಕ್ಕದಲ್ಲಿ ಆ ಗೊಂದಲ ಬರುವುದೇ ಇಲ್ಲ.

ಇಂಗ್ಲಿಷ್ ಮಾಧ್ಯಮದ ಮಗುವಾದರೂ ಮನೆಯಲ್ಲಿ ಕನ್ನಡ ಮಾತಾಡುತ್ತಿದ್ದರೆ ಆಟದ ದನಿ ತೆಗೆದುಬಿಡಿ, ಪಕ್ಕದಲ್ಲಿ ಕೂತ ಅಜ್ಜಿಯೋ ಅಕ್ಕನೋ ಕನ್ನಡದಲ್ಲಿ ಹೇಳಲಿ. ಉತ್ತರ ಸಿಕ್ಕಮೇಲೆ ಇಂಗ್ಲಿಷಿನ ಹೆಸರನ್ನೂ ಒಂದು ಸಲ ಹೇಳಿದರೆ ಶಾಲೆಗೂ ಆಯಿತು. ದನಿ ತೆಗೆಯಲು ಬಿಡದ ಆಟ, ಬರಹ ಓದದೆ ಮುಂದೆ ಹೋಗಲು ಬಿಡದ ಆಟ ಈ ವಯಸ್ಸಿಗೆ ಸಲ್ಲ. ಕನ್ನಡ ಅಂಕಿ ತೋರಿಸುವ ಆಟ ಸಿಕ್ಕರೆ ಸಂತೋಷವೇ. ಆದರೆ ೧ ನೋಡಲು ಸೊನ್ನೆಯಂತೆ, ೬ ಮತ್ತು ೯ ಒಂದರಂತೆ ಇನ್ನೊಂದು ಇರುವುದರಿಂದ ಅಂಕಿಗಳ ಪರಿಚಯ ಗಟ್ಟಿಯಾಗುವವರೆಗೆ ಕೂಡುವ ಆಟಕ್ಕೆ ಬಳಸಬೇಡಿ. ಒಂದೇ ಸಲಕ್ಕೆ ಎರಡು ಕಲಿಕೆ ಬೇಡ.

ಇಳಿಸಿಕೊಂಡ ದಿನದ ಪರೀಕ್ಷೆ

ಮಲೆನಾಡಿನ ಮನೆಗೆ ಆಟ ಒಗ್ಗುತ್ತದೆಯೇ ಎಂದು ತಿಳಿಯಲು ಮೊದಲು ಏರೋಪ್ಲೇನ್ ಮೋಡ್ ಹಾಕಿ ತೆರೆಯಿರಿ. ಮೊದಲ ಹಂತ ಮಾತ್ರ ಫೋನಿನಲ್ಲಿದ್ದು ಉಳಿದದ್ದನ್ನು ಆಮೇಲೆ ಇಂಟರ್ನೆಟ್ಟಿನಿಂದ ತರುವ ಆಟಗಳಿವೆ. ಪೇಟೆಯಲ್ಲಿ ಚೆನ್ನಾಗಿ ನಡೆದದ್ದು ಮನೆಯಲ್ಲಿ ಸುತ್ತುತ್ತಾ ನಿಂತುಬಿಡುತ್ತದೆ. ಸಾಗರಕ್ಕೋ ಶಿವಮೊಗ್ಗಕ್ಕೋ ಹೋದಾಗ ವೈಫೈ ಸಿಕ್ಕಲ್ಲಿ ಇಳಿಸಿಕೊಂಡು, ಪ್ರತಿ ಹಂತವನ್ನೂ ಒಂದೊಂದು ಸಲ ತೆರೆದು, ಆಮೇಲೆ ಏರೋಪ್ಲೇನ್ ಮೋಡ್‌ನಲ್ಲಿ ಮತ್ತೆ ತೆರೆದು ನೋಡಿಯೇ ಊರಿಗೆ ಹೊರಡಿ.

ಎರಡನೆಯ ಪರೀಕ್ಷೆ ಬೇಕೆಂದೇ ತಪ್ಪುವುದು. ಮಗುವಿಗೆ ಕೊಡುವ ಮೊದಲು ದೊಡ್ಡವರು ಕೂತು ಐದು ಉತ್ತರ ತಪ್ಪು ಒತ್ತಿ. ಬೆಚ್ಚಿಬೀಳಿಸುವ ಸದ್ದು ಬರುತ್ತದೆಯೇ? ಮತ್ತೆ ಪ್ರಯತ್ನಿಸಲು ಬಿಡುತ್ತದೆಯೇ? ಚುಕ್ಕಿ ತೋರಿಸಿ ಸಹಾಯ ಮಾಡುತ್ತದೆಯೇ? ತಪ್ಪಿದ ಲೆಕ್ಕ ಆ ಆಟ ಮುಗಿಯುವುದರೊಳಗೆ ಮತ್ತೆ ಬಂತೇ? ಒಂದು ‘ಜೀವ’ ಕಳೆದು, ಮೂರು ಕಳೆದಮೇಲೆ ಜಾಹೀರಾತು ನೋಡು ಎನ್ನುತ್ತದೆಯೇ? ಈ ಕೊನೆಯದು ಇದ್ದರೆ ಅಲ್ಲೇ ಅಳಿಸಿಹಾಕಿ. ತಪ್ಪಿದ ಮಗುವಿಗೆ ಅಭ್ಯಾಸ ಹೆಚ್ಚು ಬೇಕು, ಆ ಆಟ ತಪ್ಪಿದವರ ಅಭ್ಯಾಸವನ್ನೇ ನಿಲ್ಲಿಸುತ್ತದೆ.

ಎಲೆಯನ್ನು ಎಳೆದು ಇಡಬೇಕೋ ಬರೀ ಮುಟ್ಟಿದರೆ ಸಾಕೋ ಎಂಬುದೂ ಮುಖ್ಯ. ಐದು ವರ್ಷದ ಬೆರಳು ಎಳೆಯುವಾಗ ಮಧ್ಯದಲ್ಲಿ ಬಿಟ್ಟುಹೋಗುತ್ತದೆ. ಮಳೆಗಾಲದ ಒದ್ದೆ ಕೈ, ಬಿರುಕು ಬಿಟ್ಟ ಸ್ಕ್ರೀನ್ ಗಾರ್ಡ್ ಇದ್ದರೆ ಇನ್ನೂ ಹೆಚ್ಚು. ಉತ್ತರ ಗೊತ್ತಿದ್ದೂ ತಪ್ಪೆಂದು ಬಂದರೆ ಮಗುವಿಗೆ ಬೇಸರ. ಮುಟ್ಟಿದರೆ ಸಾಕಾಗುವ ಆಟವೇ ಒಳ್ಳೆಯದು.

ದುಡ್ಡಿನ ವಿಷಯ. ಜಾಹೀರಾತಿನ ಉಚಿತ ಆಟ, ಒಂದೇ ಸಲ ದುಡ್ಡು ಕೊಡುವ ಆಟ, ತಿಂಗಳು ತಿಂಗಳು ಕಟ್ಟುವ ಆಟ, ಮೂರು ಬಗೆ. ಒಂದೇ ಸಲ ಕೊಡುವುದು ಸಿಕ್ಕರೆ ಅದನ್ನೇ ಆರಿಸಿ. ತಿಂಗಳ ಲೆಕ್ಕದ್ದನ್ನು ಉಚಿತ ಪ್ರಯೋಗಕ್ಕೆಂದು ಶುರುಮಾಡಿ ಯುಪಿಐ ಆಟೋಪೇಗೆ ಒಪ್ಪಿಗೆ ಕೊಟ್ಟಿದ್ದರೆ, ಆಟವನ್ನು ಫೋನಿನಿಂದ ಅಳಿಸಿದರೂ ಹಣ ಕಡಿತ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನ ಚಂದಾ ವಿಭಾಗಕ್ಕೆ ಹೋಗಿ ರದ್ದು ಮಾಡಬೇಕು. ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿಡಿ. ಆಟದಿಂದ ಮಗು ಹೊರಗೆ ಜಾರದಂತೆ ಆ್ಯಪ್ ಪಿನ್ ಮಾಡುವ ಸೌಕರ್ಯ ಆಂಡ್ರಾಯ್ಡ್ ಸೆಟ್ಟಿಂಗ್‌ನ ಭದ್ರತಾ ವಿಭಾಗದಲ್ಲಿದೆ. ಮಗುವಿನ ಹೆಸರು, ಫೋಟೋ, ಶಾಲೆ ಕೇಳುವ ಆಟಕ್ಕೆ ಅದನ್ನು ಕೊಡಬೇಕಾದ ಕಾರಣವೇ ಇಲ್ಲ. ಕೂಡುವ ಲೆಕ್ಕಕ್ಕೆ ಕಾಂಟ್ಯಾಕ್ಟ್, ಕ್ಯಾಮೆರಾ, ಲೊಕೇಶನ್ ಯಾವುದೂ ಬೇಡ.

ಮೊಬೈಲೋ, ಕೈಯಲ್ಲಿ ಹಿಡಿಯುವ ಎಲೆಯೋ?

ಎರಡೂ ಇರಲಿ. ಒಂದನ್ನೇ ಆರಿಸಬೇಕೆಂದರೆ ಕೈಯ ಎಲೆಗೇ ನಮ್ಮ ಮತ. ಸರ್ಕಾರಿ ಶಾಲೆಯ ಮಕ್ಕಳಿಗೆ ಎಲೆಯಿಂದ ಕಲಿಯುವುದು ಹೊಸತೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾಗಿ ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿದ ನಲಿಕಲಿಯಲ್ಲಿ ಕಲಿಕೆ ನಡೆಯುವುದೇ ಕಾರ್ಡುಗಳಿಂದ. ಮೊಬೈಲಿನ ಮೇಲುಗೈ ಎರಡು ವಿಷಯದಲ್ಲಿ. ಮನೆಯವರೆಲ್ಲ ಅಡಿಕೆ ಸುಲಿಯಲು ಕೂತ ಸಂಜೆಯಲ್ಲೂ ಅದು ಪ್ರಶ್ನೆ ಕೇಳುತ್ತದೆ, ಬೇಸರವಿಲ್ಲದೆ ಇಪ್ಪತ್ತು ಸಲ ಕೇಳುತ್ತದೆ. ಮಗು ಎಲ್ಲಿ ಎಡವಿತು ಎಂದು ಕಂಡು ‘ಎಂಟು ಆಗಲೇ ಹೇಳಿ ಆಯ್ತಲ್ಲ, ಮುಂದಿಂದ ಎಣಿಸು’ ಎನ್ನಲು ಮನುಷ್ಯರೇ ಬೇಕು. ಗಾಳಿಮಳೆಗೆ ಮರ ಬಿದ್ದು ಎರಡು ಮೂರು ದಿನ ಕರೆಂಟ್ ಇಲ್ಲದಾಗ ಫೋನಿನ ಚಾರ್ಜನ್ನು ಮಾತಾಡಲು ಉಳಿಸಿಕೊಳ್ಳಬೇಕು, ಲೆಕ್ಕದ ಆಟಕ್ಕಲ್ಲ.

ಅಂಗಡಿಯ ಇಸ್ಪೀಟು ಕಟ್ಟಿನಲ್ಲಿ 52 ಎಲೆ. ಗುಲಾಮ, ರಾಣಿ, ರಾಜ ಹನ್ನೆರಡನ್ನು ತೆಗೆದರೆ 40. ದೊಡ್ಡ ಮೊತ್ತದ ಆಟಕ್ಕೆ ಇಬ್ಬರಿಗೆ ಇಪ್ಪತ್ತಿಪ್ಪತ್ತು ಹಂಚಿದರೆ ಹತ್ತು ಸುತ್ತು, ಚಿಕ್ಕ ಮಗು ಕೂರುವ ಹೊತ್ತಿಗೆ ಅದು ಸರಿಹೋಗುತ್ತದೆ. ಹತ್ತರ ಜೋಡಿಗೆ ಹತ್ತರ ಎಲೆ ನಾಲ್ಕನ್ನೂ ತೆಗೆಯಿರಿ, 36 ಉಳಿಯುತ್ತವೆ, ಸರಿಯಾಗಿ 18 ಜೋಡಿ. ಕೊನೆಯಲ್ಲಿ ಜೋಡಿ ಕೂಡದ ಎರಡು ಎಲೆ ಉಳಿದರೆ ಎಲ್ಲೋ ತಪ್ಪು ಜೋಡಿ ತೆಗೆದಿದೆ ಎಂದು ಮಗುವಿಗೇ ತಿಳಿಯುತ್ತದೆ, ಯಾರೂ ಹೇಳಬೇಕಾಗಿಲ್ಲ. ಒಂಟಿ ಎಲೆ ಉಳಿದರೆ ಕಟ್ಟಿನಿಂದ ಒಂದು ಕಳೆದುಹೋಗಿದೆ. ಉಳಿದದ್ದು ಮೂರಾದರೆ ಕಳೆದದ್ದು ಏಳು. ಅದನ್ನು ಮಗುವಿಂದಲೇ ಹೇಳಿಸಿ, ಮಂಚದಡಿ ಹುಡುಕಿಸಿ. ಕೊಳ್ಳುವಾಗ ಪ್ಲಾಸ್ಟಿಕ್ ಎಲೆಯನ್ನೇ ಕೊಳ್ಳಿ. ಕಾಗದದ್ದು ಜೂನ್ ಬಂದರೆ ತೇವ ಹೀರಿ ಒಂದಕ್ಕೊಂದು ಅಂಟಿ ಆಗಸ್ಟಿಗೆ ಬೂಸಲು ಹಿಡಿಯುತ್ತದೆ.

ಇಸ್ಪೀಟು ಎಂದರೆ ಜೂಜು, ಮನೆಯೊಳಗೆ ಬೇಡ ಎನ್ನುವ ಹಿರಿಯರಿದ್ದರೆ ಅವರ ಮಾತು ಮೀರಬೇಕಾಗಿಲ್ಲ. ದಪ್ಪನೆಯ ಲಗ್ನಪತ್ರಿಕೆಗಳು ಪ್ರತಿ ಮನೆಯಲ್ಲೂ ಇರುತ್ತವೆ. 6 ಸೆಂ.ಮೀ. ಅಗಲ, 9 ಸೆಂ.ಮೀ. ಉದ್ದಕ್ಕೆ ಕತ್ತರಿಸಿ, ಖಾಲಿ ಬದಿಯಲ್ಲಿ ಹತ್ತರ ಚೌಕಟ್ಟು ಎಳೆದು ಚುಕ್ಕಿ ತುಂಬಿ, ಎರಡು ಮೂಲೆಯಲ್ಲಿ ಅಂಕಿ ಬರೆಯಿರಿ. 1ರಿಂದ 9ರವರೆಗೆ ನಾಲ್ಕು ನಾಲ್ಕು. 6 ಮತ್ತು 9ರ ಕೆಳಗೆ ಗೆರೆ ಹಾಕುವುದು ಮರೆಯಬೇಡಿ, ಎದುರು ಕೂತವರಿಗೆ ತಲೆಕೆಳಗಾಗಿ ಕಾಣುತ್ತದೆ. ಸ್ಕೆಚ್ ಪೆನ್ ಬೇಡ, ಒದ್ದೆ ಕೈ ತಾಗಿದರೆ ಹರಡುತ್ತದೆ. ಪರ್ಮನೆಂಟ್ ಮಾರ್ಕರ್ ಬಳಸಿ. ಪತ್ರಿಕೆಯ ಹಿಂಬದಿಯ ಚಿತ್ರ ಎಲ್ಲಕ್ಕೂ ಒಂದೇ ಇರಲಿ, ಇಲ್ಲದಿದ್ದರೆ ಗಣಪತಿಯ ಕಿವಿ ಕಂಡರೆ ಎಂಟು ಎಂದು ಮಕ್ಕಳು ಎರಡೇ ದಿನದಲ್ಲಿ ಗುರುತಿಟ್ಟುಕೊಳ್ಳುತ್ತಾರೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಇಡಿ.

ಎಣಿಸಲು ಬೀಜ ಬೇಕಾದರೆ ಇಪ್ಪತ್ತು ಹುಣಸೆಬೀಜ ಸಾಕು. ಚೆನ್ನೆಮಣೆಯ ಡಬ್ಬಿಯಲ್ಲಿ ಗುಲಗಂಜಿ ಇದ್ದರೆ ಅದನ್ನು ಚಿಕ್ಕ ಮಕ್ಕಳಿಗೆ ಕೊಡಲೇಬೇಡಿ. ಕೆಂಪು ಮೈ, ಕಪ್ಪು ಚುಕ್ಕಿಯ ಆ ಬೀಜ ವಿಷ, ಅಗಿದು ನುಂಗಿದರೆ ಪ್ರಾಣಕ್ಕೇ ಅಪಾಯ. ಮೂರು ವರ್ಷದೊಳಗಿನ ತಮ್ಮನೋ ತಂಗಿಯೋ ಮನೆಯಲ್ಲಿದ್ದರೆ ಯಾವ ಬೀಜವನ್ನೂ ನೆಲದಲ್ಲಿ ಬಿಡಬೇಡಿ, ಗಂಟಲಿಗೆ ಸಿಕ್ಕಿಕೊಳ್ಳುತ್ತದೆ.

ಎಷ್ಟು ಹೊತ್ತು, ಎಲ್ಲಿಯವರೆಗೆ

ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ಕೂತು ಪರದೆ ನೋಡುವ ಹೊತ್ತು ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ಟಿವಿಯೂ ಅದರಲ್ಲೇ ಸೇರಿತು. ಐದಾರು ವರ್ಷದ ಮಗುವಿಗೂ ಲೆಕ್ಕದ ಆಟ ಹತ್ತು ನಿಮಿಷ, ಇಪ್ಪತ್ತು ಪ್ರಶ್ನೆ ಸಾಕು. ಭಾನುವಾರ ಒಂದೇ ಸಲಕ್ಕೆ ಗಂಟೆ ಆಡಿಸುವುದಕ್ಕಿಂತ ದಿನವೂ ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ.

ಎರಡು ವಾರ ಕಳೆದಮೇಲೆ ಮೊಬೈಲ್ ಪಕ್ಕಕ್ಕಿಟ್ಟು ಬಾಯಲ್ಲಿ ಹತ್ತು ಲೆಕ್ಕ ಕೇಳಿ: 6+4, 3+7, 9+2, 3+8, 6+6, 7+6, 8+5, 4+9, 9+9, 8+7. ಮನಸ್ಸಿನಲ್ಲಿ ಮೂರು ಎಣಿಸುವಷ್ಟರಲ್ಲಿ ಉತ್ತರ ಬಂದರೆ ಅದು ಗಟ್ಟಿಯಾಗಿದೆ. ಆಟದಲ್ಲಿ ಎಷ್ಟು ನಕ್ಷತ್ರ ಇದೆ ಎಂಬುದನ್ನು ನೋಡಬೇಕಾಗಿಲ್ಲ. 9+2 ಥಟ್ಟನೆ ಬಂದು 3+8 ತಡವಾದರೆ ಮಗು ದೊಡ್ಡ ಅಂಕಿಯಿಂದ ಶುರುಮಾಡದೆ ಮೊದಲು ಕೇಳಿದ ಅಂಕಿಯಿಂದ ಎಣಿಸುತ್ತಿದೆ. ಎರಡು ಎಲೆ ಅದಲು ಬದಲು ಇಟ್ಟು ತೋರಿಸಿ. 6+6 ಬಂದು 7+6 ಬಾರದಿದ್ದರೆ ‘ಆರೂ ಆರೂ ಹನ್ನೆರಡು, ಇನ್ನೊಂದು’ ಎಂಬ ದಾರಿ ಇನ್ನೂ ಸಿಕ್ಕಿಲ್ಲ. 8+5, 4+9, 8+7 ಮೂರೂ ತಡವಾದರೆ ಗುರಿ ಮೊತ್ತದ ಆಟಕ್ಕೆ ಹೋಗುವ ಅವಸರ ಬೇಡ. ಕಟ್ಟಿನಿಂದ 8 ಮತ್ತು 9ರ ಒಟ್ಟು ಎಂಟು ಎಲೆ ಒಂದು ಕಡೆ, 3ರಿಂದ 7ರವರೆಗಿನ ಇಪ್ಪತ್ತು ಎಲೆ ಇನ್ನೊಂದು ಕಡೆ ಇಟ್ಟು, ಎರಡು ಕಡೆಯಿಂದಲೂ ಒಂದೊಂದು ತಿರುವಿಸಿ. ಉತ್ತರ ಹೇಳುವ ಮೊದಲು ‘ಹತ್ತಕ್ಕೆ ಎಷ್ಟು ಬೇಕು?’ ಎಂಬುದನ್ನು ಮಗುವೇ ಜೋರಾಗಿ ಹೇಳಲಿ.